ಹಳೆಯ ಕಂಪಿಗೆ ಹೊಸ ಗಿಡ



ನಮ್ಮ ಭಾಷೆಗೆ ಬಂದು ನೆಲಸಿದ ಪರದೇಶದ ಪದಗಳಲ್ಲಿ ‘ಪೆಪ್ಪರ್‌ಮಿಂಟು’ ಬಹಳ ಸಿಹಿಯಾದದ್ದು. ಕಿತ್ತಳೆಯ ಹುಳಿಯಿರಲಿ, ಶುಂಠಿಯ ಖಾರವಿರಲಿ, ಸಕ್ಕರೆಯ ಗಟ್ಟಿ ಬಿಲ್ಲೆಯೊಂದನ್ನು ಮಗುವಿನ ಕೈಯಲ್ಲಿಟ್ಟರೆ ಅದು ನಮಗೆ ಪೆಪ್ಪರ್‌ಮಿಂಟೇ. ಈ ಹೆಸರು ಮೊದಲಿಗೆ ಒಂದು ಗಿಡದ್ದು ಎಂಬುದು ಮರೆತುಹೋಗುವಷ್ಟು ಅದು ನಮ್ಮದಾಗಿದೆ. ಆ ಗಿಡದ ಸಂಗತಿಯನ್ನೂ, ಅದಕ್ಕಾಗಿ ಹಲವು ದಶಕ ದುಡಿದ ಒಬ್ಬ ತಳಿವಿಜ್ಞಾನಿಯ ಸಂಗತಿಯನ್ನೂ ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಅವರ ಹೆಸರು ಮೆರಿಟ್ ಮರ್ರೆ. ಕರ್ಮಭೂಮಿ ಅಮೆರಿಕದ ಮಿಚಿಗನ್ ಸಂಸ್ಥಾನದ ಕಲಮಜೂ ಪಟ್ಟಣ.

ಹೊಸ ತಳಿಯನ್ನು ಸೃಷ್ಟಿಸಿದವರಿಗೆ ಕೀರ್ತಿ ಬರುವುದು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ವ್ಯತ್ಯಾಸದಿಂದ. ತೆನೆ ದೊಡ್ಡದಾಯಿತು, ಗುಲಾಬಿಯ ಬಣ್ಣ ಗಾಢವಾಯಿತು, ಪೈರು ಗಿಡ್ಡವಾಗಿ ಗಾಳಿಗೆ ಬೀಳದಾಯಿತು ಎಂದರೆ ಜನ ಬಂದು ನೋಡುತ್ತಾರೆ, ಮೆಚ್ಚುತ್ತಾರೆ. ಮರ್ರೆಯವರ ಪಾಲಿಗೆ ಬಂದ ಕೆಲಸ ಇದಕ್ಕೆ ತೀರ ವಿರುದ್ಧವಾದದ್ದು. ಅವರು ಗಿಡವನ್ನು ಬದಲಾಯಿಸಬೇಕಾಗಿತ್ತು. ಬದಲಾದದ್ದು ಮಾತ್ರ ಯಾರ ಮೂಗಿಗೂ ನಾಲಗೆಗೂ ತಿಳಿಯಕೂಡದಾಗಿತ್ತು. ಇಂಥ ಕೆಲಸ ಏಕೆ ಬೇಕಾಯಿತು ಎಂಬುದನ್ನು ಅರಿಯಲು ಮೊದಲು ಗಿಡದ ಕುಲಗೋತ್ರವನ್ನು ವಿಚಾರಿಸಬೇಕು.

ಕುಲ ನಮಗೆ ಅಪರಿಚಿತವಲ್ಲ. ನಮ್ಮ ತುಳಸಿ, ದೊಡ್ಡಪತ್ರೆ, ಕಾಮಕಸ್ತೂರಿ, ಪುದೀನ ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವು. ನಾನು ಸಸ್ಯಶಾಸ್ತ್ರದ ಪಾಠ ಹೇಳುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿಗಳಿಗೆ ಪುದೀನದ ಒಂದೊಂದು ಕಡ್ಡಿಯನ್ನು ಕೊಟ್ಟು, ಬೆರಳುಗಳ ನಡುವೆ ಹೊರಳಿಸಿ ನೋಡಿರೆನ್ನುತ್ತಿದ್ದೆ. ಕಾಂಡದ ನಾಲ್ಕು ಮೂಲೆಗಳು ಬೆರಳಿಗೆ ತಾಗುತ್ತವೆ; ಪುಸ್ತಕ ಹೇಳುವ ಲಕ್ಷಣವನ್ನು ಕಣ್ಣು ಮುಚ್ಚಿಯೇ ಕಲಿಯಬಹುದು. ಎಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರ ಮೇಲ್ಮೈಯಲ್ಲಿ ದುಂಡನೆಯ ಪುಟ್ಟ ಗ್ರಂಥಿಗಳು ಕಾಣುತ್ತವೆ. ಪ್ರತಿಯೊಂದು ಗ್ರಂಥಿಯಲ್ಲಿಯೂ 8 ಕೋಶಗಳು ಕುಳಿತು ಎಣ್ಣೆಯನ್ನು ಸ್ರವಿಸುತ್ತವೆ. ಎಲೆಯನ್ನು ಹೊಸಕಿದಾಗ ನಮ್ಮ ಮೂಗಿಗೆ ಬರುವುದು ಆ ಗ್ರಂಥಿಗಳು ಒಡೆದ ಸುದ್ದಿ.

ಚಟ್ನಿಗೂ ಪಲಾವಿಗೂ ನಾವು ಹಾಕುವ ಪುದೀನಕ್ಕೆ ಹೆಚ್ಚಾಗಿ ಮೆಂಥ ಸ್ಪೈಕೇಟ ಎಂಬ ಶಾಸ್ತ್ರೀಯ ನಾಮಧೇಯವಿದೆ. ಯೂರೋಪಿನ ಹಳ್ಳಕೊಳ್ಳಗಳ ಅಂಚಿನಲ್ಲಿ ಬೆಳೆಯುವ ಜಲಪುದೀನ ಮೆಂಥ ಅಕ್ವಾಟಿಕ. ಇವೆರಡೂ ಎಂದೋ ಎಲ್ಲಿಯೋ ತಾವಾಗಿಯೇ ಕೂಡಿದ್ದರಿಂದ ಹುಟ್ಟಿದ ಶಿಶು ಪೆಪ್ಪರ್‌ಮಿಂಟು. ಇಂಗ್ಲೆಂಡಿನ ಹಾರ್ಟ್‌ಫರ್ಡ್‌ಷೈರಿನಲ್ಲಿ ಸಿಕ್ಕ ಈ ಖಾರದ ಪುದೀನವನ್ನು 1696ರಲ್ಲಿ ಜಾನ್ ರೇ ಎಂಬ ಪ್ರಕೃತಿಶಾಸ್ತ್ರಜ್ಞ ಬರೆದಿಟ್ಟ. 1753ರಲ್ಲಿ ಲಿನೇಯಸ್ ಅದಕ್ಕೆ ಮೆಣಸಿನ ನೆನಪು ತರುವ ಹೆಸರನ್ನಿತ್ತ.

ಶಿಶುವಿಗೆ ಒಂದು ಕೊರತೆಯಿತ್ತು. ಜಲಪುದೀನದ ಕೋಶದಲ್ಲಿ 96 ವರ್ಣತಂತುಗಳು. ಅದರಿಂದ ಮಗುವಿಗೆ ಬಂದದ್ದು 48. ನಮ್ಮ ಪುದೀನದಲ್ಲಿ 48. ಅದರಿಂದ ಬಂದದ್ದು 24. ಎರಡೂ ಸೇರಿ 72. ಲೆಕ್ಕವೇನೋ ಸರಿ, ಆದರೆ ಜೊತೆಗೂಡಬೇಕಾದ ತಂತುಗಳಿಗೆ ತಕ್ಕ ಜೊತೆ ಇಲ್ಲದೆ ಬೀಜ ಕಟ್ಟುವ ಕಾರ್ಯ ಕೆಟ್ಟುಹೋಗುತ್ತದೆ. ಪೆಪ್ಪರ್‌ಮಿಂಟು ಸೊಗಸಾಗಿ ಹೂ ಬಿಡುತ್ತದೆ, ದುಂಬಿಗಳು ಬಂದು ಹೋಗುತ್ತವೆ, ಬೀಜ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಅದರ ವಂಶ ಬೆಳೆಯುವುದು ನೆಲದಡಿ ಹಬ್ಬುವ ಕಾಂಡದ ತುಂಡುಗಳಿಂದಲೇ. ಒಂದು ಗಿಡದಿಂದ ಹತ್ತು, ಹತ್ತರಿಂದ ನೂರು. ಆದರೂ ಅದು ಸಂತಾನವಲ್ಲ, ಅದೇ ಒಂದು ಗಿಡ ಹಲವು ಮೈ ತಾಳಿ ನಿಂತದ್ದು.

ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಲಂಡನಿನ ಸಮೀಪದ ಮಿಚಮ್ ಎಂಬ ಹಳ್ಳಿಯಲ್ಲಿ ಈ ಗಿಡದ ವ್ಯವಸಾಯ ಮೊದಲಾಯಿತು. ಅಲ್ಲಿಯ ಕಪ್ಪು ಕಾಂಡದ ಬಗೆಗೆ ‘ಕಪ್ಪು ಮಿಚಮ್’ ಎಂದು ಹೆಸರು. ಇಂದು ಮಿಚಮ್ ಲಂಡನ್ ಮಹಾನಗರದೊಳಗೆ ಕರಗಿಹೋಗಿದೆ. ಹೊಲಗಳ ಜಾಗದಲ್ಲಿ ಮನೆಗಳಿವೆ. ಊರಿನ ಹೆಸರನ್ನು ಲೋಕದ ಬೇರೆ ಬೇರೆ ಹೊಲಗಳಲ್ಲಿ ಆ ಗಿಡವೇ ಹೊತ್ತು ನಿಂತಿದೆ. ಅಟ್ಲಾಂಟಿಕ್ ಸಾಗರವನ್ನು ದಾಟಿದ ಪೆಪ್ಪರ್‌ಮಿಂಟು ಮೊದಲು ಮಸಾಚುಸೆಟ್ಸ್ ಮತ್ತು ನ್ಯೂಯಾರ್ಕ್ ಪ್ರಾಂತಗಳಲ್ಲಿ ಬೆಳೆದು, 1830ರ ದಶಕದಲ್ಲಿ ಮಿಚಿಗನ್ನಿಗೆ ಬಂತು. ಅಲ್ಲಿ 1869ರಲ್ಲಿ ಆಲ್ಬರ್ಟ್ ಟಾಡ್ ಎಂಬ ತರುಣ ಪೆಪ್ಪರ್‌ಮಿಂಟ್ ಎಣ್ಣೆಯ ಉದ್ಯಮವನ್ನು ಪ್ರಾರಂಭಿಸಿದ. ಮುಂದೆ ಆತನನ್ನು ‘ಪೆಪ್ಪರ್‌ಮಿಂಟಿನ ರಾಜ’ನೆಂದೇ ಜನ ಕರೆದರು; 1897ರಿಂದ ಎರಡು ವರ್ಷ ಆತ ಅಮೆರಿಕದ ಕಾಂಗ್ರೆಸ್ಸಿನ ಸದಸ್ಯನೂ ಆಗಿದ್ದ. ಜವುಗು ನೆಲವನ್ನು ಬಸಿದು ಮಾಡಿದ ಕಪ್ಪುಮಣ್ಣಿನ ಹೊಲಗಳಲ್ಲಿ ಕಪ್ಪು ಮಿಚಮ್ ಹುಲುಸಾಗಿ ಬೆಳೆಯಿತು. ಹೂ ಬಿಡುವ ವೇಳೆಗೆ ಅದನ್ನು ಕೊಯ್ದು, ತುಸು ಒಣಗಲು ಬಿಟ್ಟು, ಹಬೆಯಲ್ಲಿ ಬಟ್ಟಿ ಇಳಿಸಿ ತೆಗೆದ ಎಣ್ಣೆ ಮಿಠಾಯಿಗೆ, ಔಷಧಕ್ಕೆ, ಅಗಿಯುವ ಗೋಂದಿಗೆ, ಹಲ್ಲುಜ್ಜುವ ಪೇಸ್ಟಿಗೆ ಹೋಯಿತು.

ಎಕರೆಗಟ್ಟಲೆ ಹೊಲ, ನೂರಾರು ರೈತರು, ದೊಡ್ಡ ಉದ್ಯಮ. ಇಷ್ಟೆಲ್ಲ ನಿಂತದ್ದು ವಸ್ತುತಃ ಒಂದೇ ಗಿಡದ ಮೇಲೆ. ಆ ಗಿಡಕ್ಕೆ ತಡೆಯಲಾಗದ ಶತ್ರು ಬಂದರೆ ಎಲ್ಲ ಗಿಡಗಳಿಗೂ ಬಂದಂತೆ.

ಶತ್ರು ಬಂದದ್ದು 1924ರಲ್ಲಿ. ಮಿಚಿಗನ್ನಿನ ಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಗಿಡದ ತುದಿಯ ಎಲೆಗಳು ಒಂದು ಪಕ್ಕಕ್ಕೆ ಸೊಟ್ಟಾಗತೊಡಗಿದವು. ಕೆಳಗಿನ ಎಲೆ ಹಳದಿಯಾಯಿತು, ಗಿಡ ಕುಗ್ಗಿ ಸತ್ತಿತು. ಇದು ವರ್ಟಿಸಿಲಿಯಮ್ ಎಂಬ ಶಿಲೀಂಧ್ರ ತರುವ ಸೊರಗು ರೋಗ. ಅದು ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳಲ್ಲಿ ಮನೆ ಮಾಡುತ್ತದೆ. ಗಿಡ ಸತ್ತಮೇಲೆ ಸಾಸಿವೆಗಿಂತ ಬಹಳ ಸಣ್ಣದಾದ ಕರಿಯ ಕಣಗಳಾಗಿ ಮಣ್ಣಿನಲ್ಲಿ ಉಳಿದು, ಹತ್ತು ವರ್ಷಕ್ಕೂ ಮಿಕ್ಕಿ ಕಾಯಬಲ್ಲುದು. ರೈತರು ಹೊಸ ನೆಲವನ್ನು ಹುಡುಕಿಕೊಂಡು ಹೋದರು. ಬೆಳೆ ಕ್ರಮೇಣ ಪಶ್ಚಿಮ ತೀರದ ಆರೆಗನ್, ವಾಷಿಂಗ್ಟನ್ ಸಂಸ್ಥಾನಗಳಿಗೆ ಸರಿಯಿತು. ನೆಡಲು ಒಯ್ದ ಕಾಂಡದ ತುಂಡಿನೊಳಗೆ ರೋಗವೂ ಪ್ರಯಾಣ ಮಾಡಿತು. ಕೊಯ್ಲಾದ ಮೇಲೆ ಕೂಳೆಯನ್ನು ಅನಿಲದ ಜ್ವಾಲೆಯಿಂದ ಸುಡುವ ಪದ್ಧತಿ ಆರೆಗನ್ನಿನಲ್ಲಿ ಬಳಕೆಗೆ ಬಂದದ್ದು ಈ ಕಾರಣದಿಂದಲೇ.

ಕನ್ನಡಿಗರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಂಜನಗೂಡಿನ ರಸಬಾಳೆಯ ಕಥೆ ನಮ್ಮ ಕಣ್ಣೆದುರಿಗೇ ಇದೆ. ಅದಕ್ಕೂ ಬೀಜವಿಲ್ಲ, ಕಂದು ಕಿತ್ತು ನೆಟ್ಟೇ ಅದರ ವಂಶ ನಡೆಯಬೇಕು. ಅದನ್ನು ತೋಟ ತೋಟಗಳಲ್ಲಿ ಅಳಿಸುತ್ತ ಬಂದದ್ದೂ ಮಣ್ಣಿನಲ್ಲಿ ಅಡಗಿ ಕೂರುವ ಇನ್ನೊಂದು ಶಿಲೀಂಧ್ರದ ಸೊರಗು ರೋಗವೇ. ಬೇರೆ ಬಾಳೆ ನೆಡಬಹುದು. ರಸಬಾಳೆಯ ರುಚಿ ಬರಬೇಕಲ್ಲ! ಪೆಪ್ಪರ್‌ಮಿಂಟಿನ ರೈತನ ಬಾಯಲ್ಲಿ ಬಂದ ಮಾತೂ ಹೆಚ್ಚುಕಡಮೆ ಇದೇ ಇದ್ದೀತು.

ಟಾಡ್ ಕಂಪನಿಯ ತಳಿವಿಜ್ಞಾನಿಯಾಗಿ ಮರ್ರೆಯವರು ಎದುರಿಸಿದ್ದು ಈ ಸ್ಥಿತಿಯನ್ನು. ಅವರ ಮುಂದೆ ಮೊದಲು ಇದ್ದ ದಾರಿ ಸಂಕರದ್ದು. ಪೆಪ್ಪರ್‌ಮಿಂಟಿನ ಹೆತ್ತವರಲ್ಲಿ ಒಂದಾದ ಪುದೀನ ಈ ರೋಗವನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಹಾಗಾದರೆ ಪ್ರಕೃತಿ ಮಾಡಿಸಿದ ಮದುವೆಯನ್ನು ಮತ್ತೆ ಮಾಡಿಸಿ, ರೋಗಕ್ಕೆ ಬಗ್ಗದ ಮಗುವನ್ನು ಆರಿಸಿಕೊಳ್ಳಬಾರದೇಕೆ? ಅಡ್ಡಿಯಾದದ್ದು ಪರಿಮಳ. ಪುದೀನದ ಕಂಪಿಗೆ ಮುಖ್ಯ ಕಾರಣ ಕಾರ್ವೋನ್ ಎಂಬ ವಸ್ತು. ಪೆಪ್ಪರ್‌ಮಿಂಟಿನ ತಂಪಿಗೆ ಕಾರಣ ಮೆಂಥಾಲ್ ಮತ್ತು ಅದರ ಬಂಧುವಾದ ಮೆಂಥೋನ್. ಈ ಎರಡು ದಾರಿಗಳಲ್ಲಿ ಗಿಡ ಯಾವುದನ್ನು ಹಿಡಿಯಬೇಕೆಂಬುದನ್ನು ನಿರ್ಧರಿಸುವುದು ವಂಶವಾಹಿ ಎಂದು ಮರ್ರೆಯವರು ರಸಾಯನಜ್ಞ ರೈಟ್ಸೆಮ ಅವರೊಡನೆ 1954ರಲ್ಲಿ ಪ್ರಕಟಿಸಿದರು. ಕಾರ್ವೋನಿನ ಗುಣ ಪ್ರಬಲ. ಅದು ಇದ್ದೆಡೆ ಮೆಂಥೋನಿನ ದಾರಿ ಮುಚ್ಚುತ್ತದೆ. ಮೆಂಥೋನ್ ಮೆಂಥಾಲ್ ಆಗುವುದಕ್ಕೂ ವಂಶವಾಹಿಯೊಂದು ಬೇಕೆಂದು ಅವರು 1960ರಲ್ಲಿ ತೋರಿಸಿಕೊಟ್ಟರು. ಪರಿಮಳವೆಂಬ ಹಿಡಿತಕ್ಕೆ ಸಿಗದ ವಸ್ತುವನ್ನು ಮೆಂಡಲನ ಬಟಾಣಿಯ ಬಣ್ಣದಂತೆ ಲೆಕ್ಕಕ್ಕೆ ತಂದುದು ಸಣ್ಣ ಸಾಧನೆಯಲ್ಲ.

ಆದರೆ ಲೆಕ್ಕ ತಿಳಿದಷ್ಟೂ ಕಷ್ಟ ಸ್ಪಷ್ಟವಾಯಿತು. ಸಂಕರದಿಂದ ಬಂದ ಸಸಿಗಳು ಬಗೆಬಗೆಯ ಕಂಪಿನವು. ಒಂದೊಂದೂ ತನ್ನದೇ ಸ್ವಭಾವ ಹೊತ್ತು ಬರುತ್ತಿತ್ತು. ಪೆಪ್ಪರ್‌ಮಿಂಟ್ ಎಣ್ಣೆಯೆಂದರೆ ಮೆಂಥಾಲೊಂದೇ ಅಲ್ಲ. ಹತ್ತಾರು ವಸ್ತುಗಳು ಒಂದು ಗೊತ್ತಾದ ಪ್ರಮಾಣದಲ್ಲಿ ಬೆರೆತ ಮೇಳ ಅದು. ಶುದ್ಧ ಮೆಂಥಾಲನ್ನು ಕಾರ್ಖಾನೆಯಲ್ಲಿ ತಯಾರಿಸಬಹುದು. ಅದಕ್ಕೆ ನೆರವಾದ ರಸಾಯನ ಕ್ರಿಯೆಗಳನ್ನು ರೂಪಿಸಿದ ಜಪಾನಿನ ನೊಯೋರಿ ಅವರು 2001ರಲ್ಲಿ ನೊಬೆಲ್ ಬಹುಮಾನದ ಪಾಲುದಾರರಾದರು. ಮೇಳವನ್ನು ಹಾಗೆ ಕಾರ್ಖಾನೆಯಲ್ಲಿ ಕೂಡಿಸುವುದು ಸುಲಭವಲ್ಲ. ಕೊಳ್ಳುವವನಿಗೆ ಬೇಕಾದದ್ದು ಅವನ ಅಜ್ಜ ಬಾಯಲ್ಲಿಟ್ಟುಕೊಂಡ ಅದೇ ರುಚಿ. ಅದಕ್ಕಿಂತ ಉತ್ತಮವಾದದ್ದನ್ನು ಕೊಟ್ಟರೂ ಆತ ಒಲ್ಲೆನೆನ್ನುತ್ತಾನೆ. ಹೀಗಾಗಿ ಸಂಕರದ ದಾರಿ ಜ್ಞಾನವನ್ನು ಕೊಟ್ಟಿತು, ಗಿಡವನ್ನು ಕೊಡಲಿಲ್ಲ.

ಎರಡನೆಯ ದಾರಿ ಆ ಕಾಲಕ್ಕೆ ಹೊಸದು. ಅಣುವಿಜ್ಞಾನದ ಶಾಂತಿಯುತ ಉಪಯೋಗಗಳನ್ನು ಲೋಕ ಅರಸುತ್ತಿದ್ದ ದಿನಗಳವು. ಲಾಂಗ್ ಐಲೆಂಡಿನ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಸಸ್ಯಗಳನ್ನು ವಿಕಿರಣಕ್ಕೆ ಒಡ್ಡಿ ನೋಡುವ ಪ್ರಯೋಗಗಳು ನಡೆಯುತ್ತಿದ್ದವು. 1955ರಿಂದ ಮೊದಲುಗೊಂಡು ಪೆಪ್ಪರ್‌ಮಿಂಟಿನ ಕಾಂಡಗಳು ಅಲ್ಲಿಗೆ ಹೋಗಿ, ಕಿರಣಗಳಿಗೆ ಮೈಯೊಡ್ಡಿ, ಹೊಲಕ್ಕೆ ಹಿಂದಿರುಗಿದವು. ಬೀಜವಿಲ್ಲದ ಗಿಡದಲ್ಲಿ ಬದಲಾವಣೆ ತರಲು ಇದಕ್ಕಿಂತ ನೇರವಾದ ಉಪಾಯ ಆಗ ಇರಲಿಲ್ಲ. ಆದರೆ ಇದು ಕುರುಡನ ಬಾಣ. ಪೆಟ್ಟು ಜೋರಾದರೆ ಮೊಗ್ಗು ಸಾಯುತ್ತದೆ. ಮೆಲುವಾದರೆ ಏನೂ ಆಗುವುದಿಲ್ಲ. ನಡುವಿನ ಹದದಲ್ಲಿ ಯಾವ ಕೋಶದ ಯಾವ ವಂಶವಾಹಿ ಕದಲೀತೆಂದು ಹೇಳಬಲ್ಲವರು ಯಾರೂ ಇಲ್ಲ. ಕದಲಿದವುಗಳಲ್ಲಿ ಹೆಚ್ಚಿನವು ಗಿಡಕ್ಕೆ ಕೇಡೇ. ಪರಿಮಳಕ್ಕೂ ಅಪಾಯವಿತ್ತು. ಸ್ಪಿಯರ್‌ಮಿಂಟಿನ ಜಾತಿಯ ಒಂದು ಗಿಡ ವಿಕಿರಣಕ್ಕೆ ಸಿಕ್ಕಿ, ತನ್ನ ಕಂಪನ್ನೇ ತೊರೆದು ಪೆಪ್ಪರ್‌ಮಿಂಟಿನ ದಾರಿ ಹಿಡಿದ ಉದಾಹರಣೆಯುಂಟು.

ಹಾಗಾದರೆ ಸಾವಿರಾರು ಗಿಡಗಳ ನಡುವೆ ಬೇಕಾದ ಒಂದನ್ನು ಗುರುತಿಸುವವರು ಯಾರು? ಮರ್ರೆಯವರು ಪರೀಕ್ಷಕನ ಪೀಠವನ್ನು ರೋಗಕ್ಕೇ ಬಿಟ್ಟುಕೊಟ್ಟರು. ಸೊರಗು ರೋಗ ತುಂಬಿ ಪಾಳುಬಿದ್ದಂತಿದ್ದ ಮಣ್ಣನ್ನೇ ಆರಿಸಿ ಗಿಡಗಳನ್ನು ನೆಡಿಸಿದರು. ಋತು ಕಳೆದಂತೆ ಸಾಲು ಸಾಲಾಗಿ ಗಿಡಗಳು ಸತ್ತವು. ಎಲ್ಲಿಯೋ ಒಂದು ಚಿಗುರು ಉಳಿದರೆ ಅದನ್ನು ಗುರುತು ಮಾಡಿ ತೆಗೆದು, ಹೆಚ್ಚಿಸಿ, ಮತ್ತೆ ಅದೇ ಕೆಟ್ಟ ಮಣ್ಣಿನಲ್ಲಿ ಇಟ್ಟರು. ಅದೃಷ್ಟದಿಂದ ಉಳಿದದ್ದು ಯಾವುದು, ಸ್ವಂತ ಸತ್ತ್ವದಿಂದ ಉಳಿದದ್ದು ಯಾವುದು ಎಂದು ತಿಳಿಯಬೇಕಲ್ಲ. ಈ ಜರಡಿಯಿಂದ ಇಳಿದುಬಂದವು ಬೆರಳೆಣಿಕೆಯ ಗಿಡಗಳು. ಆಮೇಲೆ ಎರಡನೆಯ ಪರೀಕ್ಷೆ: ಬಟ್ಟಿ ಇಳಿಸಿ ಎಣ್ಣೆ ತೆಗೆದು, ಅದರ ಘಟಕಗಳನ್ನು ಅಳೆದು, ಹಳೆಯ ಮಿಚಮ್ ಎಣ್ಣೆಯ ಪಕ್ಕದಲ್ಲಿಟ್ಟು ಮೂಸಿ ನೋಡುವುದು. ರೋಗವನ್ನು ಗೆದ್ದ ಗಿಡ ಮೂಗಿನ ಮುಂದೆ ಸೋತರೆ ಅದರ ಕಥೆ ಅಲ್ಲಿಗೆ ಮುಗಿಯಿತು.

1955ರಲ್ಲಿ ಕಿರಣ ಬಿತ್ತು; ‘ಟಾಡ್ಸ್ ಮಿಚಮ್’ ಎಂಬ ತಳಿ ರೈತರಿಗೆ ದೊರೆತದ್ದು 1971ರಲ್ಲಿ. ನಡುವೆ 16 ವರ್ಷ. ಅಮೆರಿಕದ ಬೆಳೆವಿಜ್ಞಾನ ಪತ್ರಿಕೆಯಲ್ಲಿ 1972ರಲ್ಲಿ ಅದರ ದಾಖಲೆಯಾಯಿತು. ಅದೇ ಬಗೆಯ ಕೆಲಸದಿಂದ ಬಂದ ಎರಡನೆಯ ತಳಿ 1976ರದು. ಅದಕ್ಕೆ ‘ಮರ್ರೆ ಮಿಚಮ್’ ಎಂದು ಹೆಸರಿಟ್ಟರು. ಹೆಸರುಗಳನ್ನು ಗಮನಿಸಿರಿ. ಉದ್ಯಮಿಯ ಹೆಸರಿರಲಿ, ವಿಜ್ಞಾನಿಯ ಹೆಸರಿರಲಿ, ಬೆನ್ನಿಗೆ ‘ಮಿಚಮ್’ ಇದ್ದೇ ಇದೆ. ಇದು ಹೊಸದಾದರೂ ಹಳೆಯದೇ ಎಂದು ಕೊಳ್ಳುವವನಿಗೆ ಕೊಟ್ಟ ಭಾಷೆ ಅದು. ಹೊಸದನ್ನು ತಂದವರು ಹೊಸತನವನ್ನೇ ಮರೆಸಬೇಕಾದ ಇಂಥ ಪ್ರಸಂಗ ವಿಜ್ಞಾನದಲ್ಲಿ ಅಪರೂಪ. ಮೂಲದ ದನಿ ಕೆಡದಂತೆ ಒಂದು ಕೃತಿಯನ್ನು ಬೇರೆ ಭಾಷೆಗೆ ತರುವ ಒಳ್ಳೆಯ ಅನುವಾದಕನ ಶ್ರಮವನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಓದುಗ ಅನುವಾದಕನನ್ನು ಮರೆತಷ್ಟೂ ಕೆಲಸ ಚೆನ್ನಾಗಿದೆಯೆಂದು ಅರ್ಥ.

ಈ ತಳಿಗಳು ಸೊರಗು ರೋಗವನ್ನು ಸಂಪೂರ್ಣವಾಗಿ ಗೆದ್ದವೆಂದು ಹೇಳಲಾರೆ. ಅವು ಹೆಚ್ಚು ತಾಳಿಕೊಳ್ಳುತ್ತವೆ, ಅಷ್ಟೆ. ರೋಗ ತೀವ್ರವಾದ ನೆಲದಲ್ಲಿ ಅವೂ ಬಳಲುತ್ತವೆ. ಮೇಲಾಗಿ ಇವುಗಳಿಗೂ ಬೀಜವಿಲ್ಲ; ಒಂದು ಗಿಡದ ಜಾಗಕ್ಕೆ ಎರಡೋ ಮೂರೋ ಬಂದಂತಾಯಿತೇ ಹೊರತು ಒಂಟಿತನದ ಅಪಾಯ ಹೋಗಲಿಲ್ಲ. ಮರ್ರೆಯವರ ನಿಜವಾದ ದೂರದೃಷ್ಟಿ ಕಾಣುವುದು ಇನ್ನೊಂದು ಕಡೆ. ಸಂಶೋಧನೆಗೆಂದು ಅವರು ಕೂಡಿಟ್ಟ, ಬೆಳೆಸಿದ ಅನೇಕ ಜಾತಿಯ ಪುದೀನಗಳು, ಕಾಡಿನವೂ ಸಂಕರಗಳೂ, ಅವರ ಕಾಲದೊಂದಿಗೆ ಮುಗಿಯಲಿಲ್ಲ. ಆರೆಗನ್ನಿನ ಕಾರ್ವಾಲಿಸ್ ಎಂಬಲ್ಲಿ ಅಮೆರಿಕ ಸರ್ಕಾರ ನಡೆಸುವ ಸಸ್ಯ ಸಂಗ್ರಹಾಲಯವನ್ನು ಅವು ಸೇರಿದವು. ಅಂಗಡಿಯಲ್ಲಿ ಕಾಸಿಗೂ ಬಾರದ ಕಾಡುಪುದೀನಗಳನ್ನು ಅಲ್ಲಿ ಕುಂಡ ಕುಂಡಗಳಲ್ಲಿ ಸಾಕುತ್ತಾರೆ. ಅವುಗಳಲ್ಲೊಂದಾದ ಮೆಂಥ ಲಾಂಜಿಫೋಲಿಯದ ಕೆಲವು ಗಿಡಗಳು ಸೊರಗು ರೋಗವನ್ನು ಚೆನ್ನಾಗಿ ತಡೆಯುತ್ತವೆಂದು ತಿಳಿದಮೇಲೆ, 2017ರಲ್ಲಿ ವಿಜ್ಞಾನಿಗಳು ಅದರ ವಂಶವಾಹಿಗಳ ಸಮಗ್ರ ನಕ್ಷೆಯ ಕರಡನ್ನು ಹೊರತಂದರು.

ಪರಿಮಳದ ಲೆಕ್ಕವೂ ಮುಂದುವರಿಯಿತು. ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದ ರಾಡ್ನಿ ಕ್ರೋಟೋ ಮತ್ತು ಅವರ ಸಹೋದ್ಯೋಗಿ 2000ದಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು. ಪುದೀನದಲ್ಲಿ ಕಾರ್ವೋನಿನ ಕಡೆಗೆ ದಾರಿ ತಿರುಗಿಸುವ ಕಿಣ್ವ ಸುಮಾರು 500 ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಅದರಲ್ಲಿ 363ನೆಯ ಮಣಿಯೊಂದನ್ನು ಬದಲಿಸಿದರೆ ಸಾಕು, ಅದೇ ಕಿಣ್ವ ಪೆಪ್ಪರ್‌ಮಿಂಟಿನ ದಾರಿಗೆ ತಿರುಗುತ್ತದೆ. ನಮ್ಮ ಚಟ್ನಿಯ ಕಂಪಿಗೂ ಪೆಪ್ಪರ್‌ಮಿಂಟಿನ ತಂಪಿಗೂ ನಡುವೆ ಈ ಕಿಣ್ವ ಇಟ್ಟಿರುವ ಅಂತರ ಇಷ್ಟೇ. ಪ್ರಬಲ ಗುಣವೆಂದು ಮರ್ರೆಯವರು ಗಿಡಗಳನ್ನು ಎಣಿಸಿ ಊಹಿಸಿದ್ದರ ಒಳಮರ್ಮ ಹೀಗೆ ಅರ್ಧ ಶತಮಾನದ ಬಳಿಕ ಬೆಳಕಿಗೆ ಬಂತು.

ನಮ್ಮ ದೇಶದಲ್ಲಿ ಪುದೀನದ ತಳಿಗಳ ಮೇಲೆ ನಡೆದ ಕೆಲಸವನ್ನು ಇದರೊಡನೆ ಹೋಲಿಸಿ ನೋಡುವುದು ಉಚಿತ. ನಾವು ಬೆಳೆಯುವುದು ಮುಖ್ಯವಾಗಿ ಜಪಾನಿನ ಜಾತಿಯೆನಿಸಿದ ಮೆಂಥಾಲ್ ಪುದೀನವನ್ನು. ಅದು 1950ರ ದಶಕದಲ್ಲಿ ಇಲ್ಲಿಗೆ ಬಂತು. ಇಂದು ಅದರ ಎಣ್ಣೆಯ ಉತ್ಪಾದನೆಯಲ್ಲಿ ಭಾರತಕ್ಕೇ ಮೊದಲ ಸ್ಥಾನ. ಲಖನೌದಲ್ಲಿರುವ, ಬೆಂಗಳೂರಿನಲ್ಲಿಯೂ ಶಾಖೆಯುಳ್ಳ, ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯ ವಿಜ್ಞಾನಿಗಳು ಇದರ ಹಲವು ತಳಿಗಳನ್ನು ರೂಪಿಸಿದ್ದಾರೆ. ಕೋಸಿ, ಗೋಮತಿ, ಸರಯೂ ಎಂದು ಕೆಲವಕ್ಕೆ ನದಿಗಳ ಹೆಸರನ್ನಿಟ್ಟಿರುವುದು ಸೊಗಸಾಗಿದೆ. 1999ರಲ್ಲಿ ಬಂದ ಕೋಸಿಯ ಹೆಚ್ಚಳವೆಂದರೆ ಅವಧಿ. ಸುಮಾರು 90 ದಿನಕ್ಕೆ ಅದು ಕೊಯ್ಲಿಗೆ ಬರುತ್ತದೆ. ಬಾರಾಬಂಕಿಯ ಕಡೆಯ ಸಣ್ಣ ರೈತನಿಗೆ ಚಳಿಗಾಲದ ಬೆಳೆ ಮುಗಿದು ಮಳೆಗಾಲದ ಬತ್ತ ನೆಡುವವರೆಗೆ ಗದ್ದೆ ಬರಿದಾಗಿರುತ್ತಿತ್ತು. ಆ ತೆರಪಿನೊಳಗೆ ಒಂದು ಹಣದ ಬೆಳೆಯನ್ನು ಕೂರಿಸಲು ಇಂಥ ತಳಿ ಅನುಕೂಲವಾಯಿತು. ಅಲ್ಲಿ ಪರಿಮಳವನ್ನು ಉಳಿಸುವ ಚಿಂತೆ, ಇಲ್ಲಿ ದಿನಗಳನ್ನು ಉಳಿಸುವ ಚಿಂತೆ. ತಳಿವಿಜ್ಞಾನಿ ಗಿಡವನ್ನಷ್ಟೇ ಓದಿದರೆ ಸಾಲದು, ಅದರ ಆಚೆ ನಿಂತ ಮನುಷ್ಯನ ಅಗತ್ಯವನ್ನೂ ಓದಬೇಕೆಂಬುದಕ್ಕೆ ಎರಡೂ ನಿದರ್ಶನಗಳು.

ಮರ್ರೆಯವರ ವೃತ್ತಿಜೀವನವನ್ನು ನೆನೆದಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದುಬಿಡುತ್ತದೆ. ರುಚಿ ಎಂದಿನಂತೆಯೇ ಇರಬೇಕೆಂಬ ಆಸೆ ನಮ್ಮಲ್ಲಿ ಬಲವಾದದ್ದು. ಆ ಆಸೆಗಾಗಿಯೇ ಒಂದೇ ಗಿಡವನ್ನು ಹೊಲದ ತುಂಬ ನೆಟ್ಟೆವು. ನೆಟ್ಟದ್ದರಿಂದಲೇ ಅದು ರೋಗಕ್ಕೆ ಸುಲಭದ ತುತ್ತಾಯಿತು. ಮತ್ತೆ ಅದೇ ಆಸೆಯನ್ನು ತಣಿಸಲು ಒಬ್ಬ ವಿಜ್ಞಾನಿ ದಶಕಗಟ್ಟಲೆ ಸಾಯುವ ಗಿಡಗಳ ಸಾಲಿನಲ್ಲಿ ಬದುಕಿದ ಚಿಗುರನ್ನು ಹುಡುಕಬೇಕಾಯಿತು. ರುಚಿಯನ್ನು ಬಿಟ್ಟುಕೊಡಿರೆಂದು ನಾನು ಹೇಳುವುದಿಲ್ಲ. ರಸಬಾಳೆಯನ್ನು ಬಿಟ್ಟುಕೊಡಲು ನನಗೂ ಮನಸ್ಸಿಲ್ಲ. ನಮಗೆ ಪ್ರಿಯವಾದ ಒಂದರ ಪಕ್ಕದಲ್ಲಿ, ಸದ್ಯಕ್ಕೆ ಯಾರಿಗೂ ಪ್ರಿಯವಲ್ಲದ ಅದರ ನಂಟರಿಗೂ ಒಂದು ಪಾತಿಯಷ್ಟು ಜಾಗ ಇರಲಿ ಎಂದು ಮಾತ್ರ ಹೇಳುತ್ತೇನೆ. ಮುಂದೊಂದು ದಿನ ಪ್ರಿಯವಾದದ್ದನ್ನು ಉಳಿಸಲು ಬೇಕಾಗುವ ಸತ್ತ್ವ ಆ ಪಾತಿಯಲ್ಲಿಯೇ ಇದ್ದೀತು.

ಬಾಯಿಗೆ ಹಾಕಿಕೊಂಡ ಬಿಲ್ಲೆ ತಂಪಾಗಿ ಕರಗುವಾಗ ಯಾರೂ ಮರ್ರೆಯವರನ್ನು ನೆನೆಯುವುದಿಲ್ಲ. ಅವರ ಕೆಲಸ ಸರಿಯಾಗಿ ಮುಗಿದಿದೆ ಎಂಬುದಕ್ಕೆ ಬೇರೆ ಪ್ರಮಾಣಪತ್ರ ಬೇಕಾಗಿಲ್ಲ.